ಮಸಲ್‌ಬರಾದ ಒಂಬತ್ತು ಕುಳಿಗಳು

ಗಾಲ್ಫ್ ಎಂದೊಡನೆ ಎತ್ತರದ ಕಾಂಪೌಂಡು, ಕಾವಲುಗಾರ, ಸದಸ್ಯತ್ವಕ್ಕಾಗಿ ವರ್ಷಗಟ್ಟಲೆ ಕಾಯುವವರ ಪಟ್ಟಿ ಕಣ್ಣಮುಂದೆ ಬರುವುದು ನಮ್ಮ ನಗರಗಳಲ್ಲಿ ಸಹಜ. ಈ ಆಟ ಹುಟ್ಟಿನಿಂದಲೇ ಸಿರಿವಂತರದೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಸ್ಕಾಟ್ಲೆಂಡಿಗೆ ಹೋದವರೂ ಸೇಂಟ್ ಆಂಡ್ರೂಸಿನ ಕಲ್ಲುಸೇತುವೆಯ ಮೇಲೆ ನಿಂತು ಪಟ ತೆಗೆಸಿಕೊಂಡು ಮರಳುತ್ತಾರೆ. ಎಡಿನ್‌ಬರೋದ ಪೂರ್ವಕ್ಕೆ, ಕೂಗಳತೆಯಲ್ಲೇ ಇರುವ ಮಸಲ್‌ಬರಾದ ಹಳೆಯ ಬಯಲನ್ನು ವಿಚಾರಿಸುವವರು ವಿರಳ. ಇದು ಅನ್ಯಾಯವೆಂಬುದು ನಮ್ಮ ಅಭಿಪ್ರಾಯ.

ನೋಟಕ್ಕೆ ಅಲ್ಲಿ ಬೆರಗಿನದೇನೂ ಇಲ್ಲವೆಂಬುದು ನಿಜವೇ. ಕುದುರೆ ಪಂದ್ಯದ ಓಟದ ಹಾದಿ, ಅದರ ನಡುವೆ ಸಮತಟ್ಟಾದ ನೆಲದಲ್ಲಿ ಒಂಬತ್ತು ಕುಳಿಗಳು. ರಾಣಿ ಮೇರಿ 1567ರಲ್ಲಿ ಇಲ್ಲಿ ಆಡಿದಳೆಂಬ ಮಾತಿದೆ. 1672ರಲ್ಲಿ ಆಡಿ ಹಣ ಸೋತ ಸರ್ ಜಾನ್ ಫೌಲಿಸನ ಖರ್ಚಿನ ಪುಸ್ತಕವೂ ಇದೆ. ರಾಣಿಯ ಐತಿಹ್ಯಕ್ಕಿಂತ ಸೋತವನ ಲೆಕ್ಕವನ್ನೇ ನಾವು ಹೆಚ್ಚು ನಂಬುತ್ತೇವೆ! 1829ರಲ್ಲಿ ಇಲ್ಲಿ ಬಳಕೆಗೆ ಬಂದ ಕುಳಿ ಕೊರೆಯುವ ಉಪಕರಣದ ಅಗಲ ನಾಲ್ಕೂಕಾಲು ಇಂಚು. ಮುಂದೆ ಜಗತ್ತಿಗೆಲ್ಲ ಅದೇ ಅಳತೆಯಾಯಿತು. ಅದೇ ವರ್ಷ ಕಲ್ಕತ್ತೆಯಲ್ಲಿ ಗಾಲ್ಫ್ ಕ್ಲಬ್ ಸ್ಥಾಪನೆಯಾಯಿತು, 1876ರಲ್ಲಿ ಬೆಂಗಳೂರಿನಲ್ಲಿ. ಬೆಂಗಳೂರಿನ ಹುಲ್ಲಿನಲ್ಲಿ ಇಂದು ಚೆಂಡು ಬೀಳುವ ಕುಳಿಯ ಅಗಲವೂ ಮಸಲ್‌ಬರಾದ್ದೇ.

ಆದರೆ ನಮ್ಮನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. 1811ರ ಹೊಸವರ್ಷದ ದಿನಕ್ಕೆಂದು ಇಲ್ಲಿನ ಕ್ಲಬ್ಬು ಮೀನು ಮಾರುವ ಹೆಂಗಸರಿಗಾಗಿ ಸ್ಪರ್ಧೆಯೊಂದನ್ನು ಗೊತ್ತುಮಾಡಿತು. ಗೆದ್ದವಳಿಗೆ ಮೀನಿನ ಬುಟ್ಟಿ ಮತ್ತು ಶಾಲು. 1874ರಿಂದ 1889ರವರೆಗೆ ಓಪನ್ ಚಾಂಪಿಯನ್‌ಶಿಪ್ ಆರು ಬಾರಿ ಇಲ್ಲಿ ನಡೆಯಿತು. 1880ರಿಂದ ಸತತ ಮೂರು ವರ್ಷ ಆ ಪ್ರಶಸ್ತಿ ಗೆದ್ದ ಬಾಬ್ ಫರ್ಗುಸನ್ ಈ ಊರಿನವನೇ. ಎಳೆಯನಾಗಿದ್ದಾಗ ಇಲ್ಲಿಯೇ ಪರರ ದಾಂಡುಗಳನ್ನು ಹೊತ್ತವನು. 1891ರಲ್ಲಿ ಎಡಿನ್‌ಬರೋದ ಪ್ರತಿಷ್ಠಿತರ ಕ್ಲಬ್ಬು ಈ ಬಯಲಿನ ಗದ್ದಲ ಸಾಕೆಂದು ಮ್ಯೂರ್‌ಫೀಲ್ಡಿನಲ್ಲಿ ತನ್ನದೇ ಮೈದಾನ ಮಾಡಿಕೊಂಡಿತು. ಮರುವರ್ಷವೇ ಚಾಂಪಿಯನ್‌ಶಿಪ್ಪೂ ಅದರ ಬೆನ್ನುಹತ್ತಿ ಹೋಯಿತು. ಆ ಕ್ಲಬ್ಬು ಮಹಿಳೆಯರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲು ಒಪ್ಪಿದ್ದು 2017ರಲ್ಲಿ. ಮೀನು ಮಾರುವವಳಿಗೆ ಶಾಲು ಹೊದಿಸಲು ಮುಂದಾದ ಬಯಲು ಹಿಂದುಳಿದದ್ದೋ, ಇದು ಮುಂದುವರಿದದ್ದೋ?

ನೆಲ ಚಪ್ಪಟೆ, ಆಟ ಸಪ್ಪೆ ಎಂದು ದೂರುವವರಿದ್ದಾರೆ. ಅಂಥವರು ಉಕ್ಕು, ಟೈಟಾನಿಯಮ್ಮುಗಳ ಹೊಸ ದಾಂಡುಗಳನ್ನು ಬದಿಗಿಟ್ಟು, ಅಲ್ಲಿ ಬಾಡಿಗೆಗೆ ದೊರೆಯುವ ಹಿಕರಿ ಮರದ ಹಿಡಿಯ ದಾಂಡುಗಳನ್ನು ಕೈಗೆತ್ತಿಕೊಳ್ಳಬೇಕು. ಹೊಡೆತ ಕೂದಲೆಳೆಯಷ್ಟು ತಪ್ಪಿದರೂ ಅಂಗೈ ಜುಮ್ಮೆನ್ನುತ್ತದೆ. ಚೆಂಡು ನಾಲ್ಕು ಮಾರು ಉರುಳಿ ಸುಮ್ಮನಾಗುತ್ತದೆ. ಎದುರಿನಿಂದ ಕಡಲ ಗಾಳಿ ಬೀಸಿದರಂತೂ ಚಪ್ಪಟೆ ನೆಲ ಬೆಟ್ಟದಷ್ಟೇ ಕಠಿಣ. ನಾಲ್ಕನೆಯ ಕುಳಿಯ ಪಕ್ಕದ ಹಳೆಯ ಹೋಟೆಲಿನ ಕಿಂಡಿಯಿಂದಲೇ ಹಿಂದಿನವರು ಪಾನೀಯ ಪಡೆದು ದಣಿವಾರಿಸಿಕೊಳ್ಳುತ್ತಿದ್ದರಂತೆ. ಅದೇಕೆಂದು ಆಗ ತಿಳಿಯುತ್ತದೆ.

ಶುಲ್ಕ ತೆತ್ತ ಯಾರಾದರೂ ಇಂದಿಗೂ ಅಲ್ಲಿ ಆಡಬಹುದು, ಶಿಫಾರಸು ಬೇಕಿಲ್ಲ. ಸೇಂಟ್ ಆಂಡ್ರೂಸಿಗೆ ಹೋಗಬೇಡಿರೆಂದು ನಾವು ಹೇಳುವುದಿಲ್ಲ. ಎಡಿನ್‌ಬರೋದಲ್ಲಿ ಅರ್ಧ ದಿನ ಬಿಡುವು ದೊರೆತರೆ, ಅಂದು ಕುದುರೆ ಪಂದ್ಯವಿಲ್ಲವೆಂದು ಖಚಿತಪಡಿಸಿಕೊಂಡು, ಮಸಲ್‌ಬರಾದ ಬಸ್ಸು ಹತ್ತಿರಿ.