ಬಂದೂಕಿನ ಹಕ್ಕು ಯಾರಿಗೆ ಬೇಕು?

ಹಲಗಲಿ ಬೇಡರ ಲಾವಣಿಯನ್ನು ಪಾಠ ಮಾಡಿದ ಕನ್ನಡ ಶಿಕ್ಷಕಿಯರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಬೇರೆ ಪದ್ಯಕ್ಕೆ ತೂಕಡಿಸುವ ಹುಡುಗರೂ ಅಂದು ನೆಟ್ಟಗೆ ಕೂತು ಕೇಳುತ್ತಾರೆ. 1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದದ್ದು, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಕೊಡುವುದಿಲ್ಲವೆಂದು ತಿರುಗಿಬಿದ್ದದ್ದು, ದಂಡು ಬಂದು ಊರಿಗೆ ಬೆಂಕಿ ಇಟ್ಟದ್ದು, ಸೆರೆಸಿಕ್ಕವರಲ್ಲಿ 19 ಜನರನ್ನು ಗಲ್ಲಿಗೇರಿಸಿದ್ದು, ಇದನ್ನೆಲ್ಲ ಕೇಳಿ ರಕ್ತ ಬಿಸಿಯಾಗದಿದ್ದರೆ ಅದು ಹದಿನೈದರ ಹರೆಯವೇ ಅಲ್ಲ. ಬಿಸಿಯಾಗಲಿ, ಒಳ್ಳೆಯದೇ. ಆದರೆ ಈಚಿನ ವರ್ಷಗಳಲ್ಲಿ ಪಾಠ ಮುಗಿದ ಮೇಲೆ ಒಂದು ಹೊಸ ಪ್ರಶ್ನೆ ಬರತೊಡಗಿದೆ. "ಮೇಡಂ, ಅವತ್ತು ಹತಾರ ಕೊಡಂಗಿಲ್ಲ ಅಂದವ್ರು ವೀರರು ಅಂತೀರಿ. ಇವತ್ತು ನಾವು ಮನ್ಯಾಗ ಬಂದೂಕು ಇಟ್ಕೊಂಡ್ರ ತಪ್ಪು ಹೆಂಗಾಗ್ತದ್ರೀ?"

ಪ್ರಶ್ನೆ ಹುಡುಗನ ಬಾಯಿಂದ ಬಂದರೂ ಹುಟ್ಟಿದ್ದು ಬೇರೆ ಕಡೆ. ದೊಡ್ಡವರು ಆಡಿದ್ದನ್ನೇ ಮಕ್ಕಳು ಆಡುತ್ತಾರೆ. 2022ರ ಮೇ ತಿಂಗಳಲ್ಲಿ ಕೊಡಗಿನ ಪೊನ್ನಂಪೇಟೆಯಲ್ಲಿ ಬಜರಂಗದಳದವರು ಶಿಬಿರ ನಡೆಸಿ ಯುವಕರಿಗೆ ಏರ್‌ಗನ್ ಹಿಡಿಯುವುದನ್ನು ಕಲಿಸಿದರು, ತ್ರಿಶೂಲ ಹಂಚಿದರು. ಶಿಬಿರ ನಡೆದದ್ದು ಒಂದು ವಿದ್ಯಾಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಶಿವಮೊಗ್ಗಕ್ಕೆ ಬಂದ ಆಗಿನ ಭೋಪಾಲದ ಸಂಸದೆ ಪ್ರಜ್ಞಾ ಸಿಂಗ್ ಠಾಕೂರ್, ಏನಿಲ್ಲದಿದ್ದರೆ ತರಕಾರಿ ಹೆಚ್ಚುವ ಚಾಕುವನ್ನಾದರೂ ಮಸೆದಿಟ್ಟುಕೊಳ್ಳಿ ಎಂದು ಹೇಳಿ ಹೋದರು. ಆಮೇಲೆ ನಮ್ಮ ಪಕ್ಕದ ಬಳ್ಳಾರಿ. 2026ರ ಜನವರಿ 1ರಂದು ಅಲ್ಲಿ ಬ್ಯಾನರ್ ಕಟ್ಟುವ ವಿಷಯಕ್ಕೆ ಎರಡು ಪಕ್ಷಗಳ ಜನ ಬಡಿದಾಡಿಕೊಂಡರು. ಗುಂಡು ಹಾರಿತು, ಒಬ್ಬ ಕಾರ್ಯಕರ್ತ ಸತ್ತ. ಹೊಸವರ್ಷದ ದಿನ ಯಾರದೋ ಮನೆಯ ತಾಯಿ ಮಗನ ಹೆಣ ಕಾದು ಕೂತಳು. ಕಟ್ಟಲು ಹೊರಟಿದ್ದ ಬ್ಯಾನರ್ ಯಾರದು ಗೊತ್ತೇ? ವಾಲ್ಮೀಕಿ ಮಹರ್ಷಿಯ ಪ್ರತಿಮೆ ಅನಾವರಣದ್ದು. ಬಿಲ್ಲು ಬಿಟ್ಟು ಲೇಖನಿ ಹಿಡಿದವನ ಹೆಸರಿನಲ್ಲಿ ಇವರು ಬಂದೂಕು ಎತ್ತಿದರು!

ಇಷ್ಟೆಲ್ಲ ಕಣ್ಣೆದುರು ನಡೆಯುತ್ತಿರುವಾಗ ಹುಡುಗ ಕೇಳಿದ್ದು ತಪ್ಪಲ್ಲ. ಅವನಿಗೆ ಕೊಡಬೇಕಾದ ಉತ್ತರವನ್ನು ಸ್ವಲ್ಪ ಹಿಂದಿನಿಂದ ಕೊಡಬೇಕಾಗುತ್ತದೆ.

ಹಲಗಲಿಯವರ ಹತಾರ ಕಿತ್ತುಕೊಳ್ಳಲು ಬಂದವರು ಯಾರು? ಆ ಜನರ ಓಟು ಪಡೆಯದ, ಅವರ ಮಾತು ಕೇಳದ, ಕಡಲಾಚೆಯ ವ್ಯಾಪಾರಿಗಳು. ಬೇಡರಿಗೆ ಬೇಟೆ ಹೊಟ್ಟೆಪಾಡು, ಹತಾರ ಮಾನ. ಕೇಳುವವರಿಲ್ಲದ ಕಡೆ ಅವರು ಹತಾರದಿಂದಲೇ ಮಾತಾಡಬೇಕಾಯಿತು. ಆ ನೋವು ಈ ದೇಶ ಬಹಳ ಕಾಲ ಮರೆಯಲಿಲ್ಲ. 1878ರ ಶಸ್ತ್ರ ಕಾಯಿದೆಯನ್ನು ಗಾಂಧೀಜಿಯವರೂ ಕಟುವಾಗಿ ಟೀಕಿಸಿದರು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಕ್ಕೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಇತ್ತು. ಬಂದೂಕಿನ ಪರ ಮಾತಾಡುವವರು ಇಷ್ಟನ್ನು ಹೇಳಿ ನಿಲ್ಲಿಸಿಬಿಡುತ್ತಾರೆ.

ಮುಂದಿನದು ಕೇಳಿ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇದೇ ಚರ್ಚೆ ಬಂತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು, ಆಯುಧ ಹೊಂದುವುದನ್ನು ಮೂಲಭೂತ ಹಕ್ಕಾಗಿ ಸೇರಿಸಿ ಎಂದು ತಿದ್ದುಪಡಿ ತಂದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರಿಗೂ ಹಕ್ಕು ಎಂದರೆ ಕಳ್ಳಕಾಕರಿಗೂ ಹಕ್ಕೇ ಅಲ್ಲವೇ ಎಂಬುದು ಅವರ ತರ್ಕ. ತಿದ್ದುಪಡಿ ಬಿದ್ದುಹೋಯಿತು. ಸಭೆ ನಮಗೆ ಕೊಟ್ಟ ಹಕ್ಕು ಬೇರೆಯದು, ಅದು ಸಂವಿಧಾನದ 19ನೇ ಅನುಚ್ಛೇದದಲ್ಲಿದೆ: ಶಾಂತವಾಗಿ, ಆಯುಧವಿಲ್ಲದೆ ಸಭೆ ಸೇರುವ ಹಕ್ಕು. ಆಯುಧವಿಲ್ಲದೆ ಎಂಬ ಮಾತನ್ನು ಬೇಕೆಂದೇ ಬರೆದಿದ್ದಾರೆ.

ಆ ಚರ್ಚೆ ನಡೆದಾಗ ನಮ್ಮ ರಾಯಚೂರು ಸೀಮೆ ನಿಜಾಮನ ಕೈಯಿಂದ ಬಿಡುಗಡೆಯಾಗಿ ಮೂರು ತಿಂಗಳೂ ತುಂಬಿರಲಿಲ್ಲ. ರಜಾಕಾರರ ಕಾಲದ ಕತೆ ನಮ್ಮ ಕಡೆಯ ಯಾವ ಹಳೆಯ ಮನೆಯಲ್ಲಿ ಕೇಳಿದರೂ ಸಿಗುತ್ತದೆ. ಬಂಗಾರ ಹೂತಿಟ್ಟು, ಹರೆಯದ ಹೆಣ್ಣುಮಕ್ಕಳನ್ನು ಬಂಡಿಯಲ್ಲಿ ಮುಚ್ಚಿ ಕೂಡಿಸಿ, ರಾತ್ರೋರಾತ್ರಿ ತುಂಗಭದ್ರೆ ದಾಟಿ ಆಚೆಯ ಸೀಮೆಯ ನೆಂಟರ ಮನೆ ಸೇರಿದ ಕುಟುಂಬಗಳೆಷ್ಟೋ. ಕೈಯಲ್ಲಿ ಬಂದೂಕಿದ್ದ ಗುಂಪಿಗೆ ಕಾಯಿದೆಯ ಅಂಜಿಕೆ ಇಲ್ಲದಿದ್ದರೆ ಊರು ಹೇಗಿರುತ್ತದೆ ಎನ್ನುವುದಕ್ಕೆ ನಮ್ಮ ಅಜ್ಜಿಯಂದಿರೇ ಸಾಕ್ಷಿ.

"ಅದಕ್ಕೇ ಅಲ್ಲವೇ ಹೆಣ್ಣುಮಕ್ಕಳ ಕೈಗೂ ಬಂದೂಕು ಕೊಡಿ ಅನ್ನುವುದು?" ಎಂದು ವಾದ ಹೂಡುವವರಿದ್ದಾರೆ. ಇದು ಕೇಳಲು ಬಹಳ ಚೆಂದ. ದೆಹಲಿಯ ಆ ಹುಡುಗಿಯ ದುರಂತದ ಮರುವರ್ಷ ಕಳೆದು, 2014ರ ಜನವರಿಯಲ್ಲಿ ಸರಕಾರದ್ದೇ ಆದ ಕಾನ್ಪುರದ ಕಾರ್ಖಾನೆ ಹೆಂಗಸರಿಗೆಂದು ಒಂದು ರಿವಾಲ್ವರ್ ತಂದಿತು. ಹೆಸರು ನಿರ್ಭೀಕ್. ಅರ್ಧ ಕಿಲೋ ತೂಕ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುತ್ತದೆ. ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿ! ಬಿಸಿಲಲ್ಲಿ ಹತ್ತಿ ಬಿಡಿಸುವ, ಕೆಸರಲ್ಲಿ ಭತ್ತದ ಸಸಿ ನಾಟಿ ಮಾಡುವ ನಮ್ಮ ಹೆಣ್ಣುಮಗಳು ಎಷ್ಟು ವರ್ಷ ಹೊಟ್ಟೆ ಕಟ್ಟಿ ಕೂಡಿಟ್ಟರೆ ಅದನ್ನು ಕೊಂಡಾಳು? ಕೊಂಡರೂ ಪರವಾನಿಗೆಗಾಗಿ ಡೀಸಿ ಆಫೀಸು, ಪೊಲೀಸು ಠಾಣೆ ಎಂದು ಎಷ್ಟು ದಿನ ಕೂಲಿ ಬಿಟ್ಟು ಅಲೆದಾಳು?

ದುಡ್ಡಿನ ಮಾತು ಹಾಗಿರಲಿ. ಗುಂಡು ಯಾರ ಮೇಲೆ ಹಾರಿಸಬೇಕು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ವರ್ಷ ವರ್ಷವೂ ಒಂದೇ ಮಾತು ಹೇಳುತ್ತದೆ. ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಆಕೆಗೆ ಗೊತ್ತಿದ್ದವನೇ: ಮನೆಯವನು, ನೆಂಟ, ನೆರೆಯವನು, ಸ್ನೇಹಿತ. ಮನೆಯಲ್ಲಿ ಬಂದೂಕು ಬಂದರೆ ಅದು ಯಾರ ಹೆಸರಿನಲ್ಲಿದ್ದರೂ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಅಕ್ಕತಂಗಿಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ತನ್ನ ಸಂಬಳದ ಪಾಸ್‌ಬುಕ್ಕೇ ತನ್ನ ಕೈಯಲ್ಲಿಲ್ಲದ ಶಿಕ್ಷಕಿಯರು ನಮ್ಮಲ್ಲಿದ್ದಾರೆ. ಕುಡಿದು ಬಂದವನ ಕೈಯಲ್ಲಿ ಬಾರುಕೋಲು ಇದ್ದರೆ ಬಾಸುಂಡೆ ಬೀಳುತ್ತದೆ, ಹೆಂಡತಿ ಬೆಳಗ್ಗೆ ತವರಿಗಾದರೂ ಹೋದಾಳು. ಬಂದೂಕು ಇದ್ದರೆ ಬೆಳಗಾಗುವುದೇ ಇಲ್ಲ.

ಕೊಡವರಿಗೆ ಮಾತ್ರ ಬಂದೂಕು ಯಾಕೆ ಎಂಬುದು ಮತ್ತೊಂದು ಪ್ರಶ್ನೆ. ಬ್ರಿಟಿಷರು 1861ರಲ್ಲಿ ಕೊಡಗಿನವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತ 1959ರಲ್ಲಿ ಹೊಸ ಶಸ್ತ್ರ ಕಾಯಿದೆ ಮಾಡಿದ ಮೇಲೂ, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರದವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂ ಏರಿಸುತ್ತಾರೆ, ಗಂಡುಮಗು ಹುಟ್ಟಿದರೆ ಗುಂಡು ಹಾರಿಸಿ ಸಾರುತ್ತಾರೆ. ಹೆಣ್ಣು ಹುಟ್ಟಿದಾಗ ಯಾಕಿಲ್ಲ ಎಂದು ಕೇಳುವುದು ನನ್ನ ಹಕ್ಕು, ಅದಿರಲಿ. ಅದು ಒಂದು ಸಣ್ಣ ಜನಾಂಗದ ಹಿರಿಯರ ಕಟ್ಟುಪಾಡಿನೊಳಗೆ ಬೆಳೆದ ಪದ್ಧತಿ. ಕೋರ್ಟು ಒಪ್ಪಿದ್ದೂ ಆ ಪದ್ಧತಿಯ ವಿಶೇಷ ಚರಿತ್ರೆಯನ್ನೇ. ಅದನ್ನು ತೋರಿಸಿ, ಬಳ್ಳಾರಿಯ ರಸ್ತೆಯಲ್ಲಿ ನಮ್ಮ ಹಿಂದೆಯೂ ನಾಲ್ಕು ಬಂದೂಕು ಇರಲಿ ಎನ್ನುವುದು, ಮಠದ ಸ್ವಾಮಿಗಳಿಗೆ ಪಲ್ಲಕ್ಕಿ ಇದೆ, ನಮ್ಮ ಗೌಡನಿಗೂ ಇರಲಿ ಎಂದ ಹಾಗೆ.

ಬಂದೂಕನ್ನು ಎಲ್ಲರ ಹಕ್ಕು ಮಾಡಿದ ದೇಶವೂ ಒಂದಿದೆ. ನಮ್ಮ ಸಿಂಧನೂರು, ಲಿಂಗಸುಗೂರು ಕಡೆಯ ಮಕ್ಕಳೂ ಅಮೆರಿಕೆಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ 1791ರಿಂದ ಸಂವಿಧಾನದಲ್ಲೇ ಆ ಹಕ್ಕು ಇದೆ. ಟೆಕ್ಸಾಸ್ ರಾಜ್ಯ 2021ರ ಸೆಪ್ಟೆಂಬರಿನಿಂದ, 21 ದಾಟಿದ ಬಹುತೇಕರು ಪರವಾನಿಗೆಯೇ ಇಲ್ಲದೆ ಕೈಬಂದೂಕು ಸಿಕ್ಕಿಸಿಕೊಂಡು ಓಡಾಡಬಹುದೆಂದು ಮಾಡಿತು. 2022ರ ಮೇ 24ರಂದು ಅದೇ ರಾಜ್ಯದ ಯುವಾಲ್ಡೆ ಎಂಬ ಊರಿನ ಪ್ರಾಥಮಿಕ ಶಾಲೆಗೆ ಹದಿನೆಂಟರ ಹುಡುಗನೊಬ್ಬ ಬಂದೂಕು ಹಿಡಿದು ನುಗ್ಗಿದ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಬಂದೂಕನ್ನು ಅವನು ಅಂಗಡಿಯಿಂದ ಕಾಯಿದೆ ಪ್ರಕಾರವೇ ಕೊಂಡಿದ್ದ. ಆ ಊರಿನಲ್ಲಿ ಬಂದೂಕಿಗೆ ಬರವಿರಲಿಲ್ಲ, ಪೊಲೀಸರೂ ದಂಡಿಯಾಗಿ ಬಂದು ಹೊರಗೆ ಒಂದು ತಾಸಿಗಿಂತ ಹೆಚ್ಚು ನಿಂತಿದ್ದರು. ಬಂದೂಕು ಹೆಚ್ಚಿದಷ್ಟೂ ಕ್ಷೇಮ ಎನ್ನುವವರು ಆ ಶಾಲೆಯ ಹಾಜರಿ ಪುಸ್ತಕವನ್ನು ಒಮ್ಮೆ ನೆನೆಯಲಿ.

ಅಷ್ಟು ದೂರ ಯಾಕೆ? 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5, ಶಿಕ್ಷಕರ ದಿನಾಚರಣೆಯ ರಾತ್ರಿ, ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆಯೇ ಕೊಂದರು. ಒಬ್ಬರು ವಚನ ಓದಿ ಬರೆದವರು, ಇನ್ನೊಬ್ಬರು ಪತ್ರಿಕೆ ನಡೆಸಿದವರು. ಅವರು ಹೇಳಿದ್ದು ಒಪ್ಪಿಗೆಯಾಗದಿದ್ದರೆ ಎದುರು ಬರೆಯಬಹುದಿತ್ತು. ಗುಂಡು ಹಾರಿಸಿದವನಿಗೆ ಬರೆಯಲು ಏನೂ ಇರಲಿಲ್ಲ.

ಹಾಗಾದರೆ ಬಡವರ ಮಾತಿಗೆ ಬೆಲೆ ಬರುವುದು ಹೇಗೆ? ಅದಕ್ಕೆ ನಮ್ಮ ಪಾಮನಕಲ್ಲೂರೇ ಉತ್ತರ ಕೊಟ್ಟಿದೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಒಣಬೇಸಾಯದ ಹಳ್ಳಿಗಳ ರೈತರು 2020ರ ಕೊನೆಯಲ್ಲಿ ಇಲ್ಲಿ ಧರಣಿ ಕೂತರು. ಒಂದು ದಿನ ಎರಡು ದಿನವಲ್ಲ, ತಿಂಗಳುಗಟ್ಟಲೆ. ಬುತ್ತಿ ಕಟ್ಟಿಕೊಂಡು ಬಂದರು, ಘೋಷಣೆ ಕೂಗಿದರು. 2021ರ ಏಪ್ರಿಲಿನ ಮಸ್ಕಿ ಉಪಚುನಾವಣೆಯಲ್ಲಿ ಯಾವ ಪಕ್ಷದವರು ಬಂದರೂ 5ಎ ಬಗ್ಗೆ ಬಾಯಿ ಬಿಡದೆ ಇರಲಾಗಲಿಲ್ಲ. ಕೇಳಿದ್ದು ಕೇಳಿದಂತೆ ಸಿಗಲಿಲ್ಲ, ನಿಜ. ಆದರೆ ಆ ಧರಣಿಯಲ್ಲಿ ಹತ್ತು ಬಂದೂಕು ಇದ್ದಿದ್ದರೆ ಏನಾಗುತ್ತಿತ್ತು? ಎರಡನೇ ದಿನಕ್ಕೇ ಪೊಲೀಸು ವ್ಯಾನು ಬಂದು ಧರಣಿ ಎದ್ದುಹೋಗುತ್ತಿತ್ತು, ಹೆಂಗಸರು ಮೊದಲನೇ ದಿನವೇ ಮನೆ ಸೇರುತ್ತಿದ್ದರು. ಬಂದೂಕು ಇರುವ ಸಭೆಯಲ್ಲಿ ಹೆಣ್ಣಿಗೆ ಜಾಗವಿಲ್ಲ, ಮುದುಕರಿಗೆ ಜಾಗವಿಲ್ಲ, ಕೂಲಿಯವನಿಗೆ ಜಾಗವಿಲ್ಲ. ಬಂದೂಕು ಕೊಳ್ಳಬಲ್ಲವನು ಒಬ್ಬನೇ ಮಾತಾಡುತ್ತಾನೆ.

ಹುಡುಗನಿಗೆ ನಾನು ಹೇಳುವುದು ಇದನ್ನೇ. ಹಲಗಲಿಯವರಿಗೆ ಓಟಿರಲಿಲ್ಲ, ಧರಣಿ ಇರಲಿಲ್ಲ, ಕೋರ್ಟಿರಲಿಲ್ಲ. ನಿನಗೆ ಮೂರೂ ಇವೆ. ಅವನ್ನು ಬಿಟ್ಟು ಬಂದೂಕು ಹಿಡಿದರೆ ನೀನು ಹಲಗಲಿಯವನಾಗುವುದಿಲ್ಲ, ಯಾರದೋ ಗನ್‌ಮ್ಯಾನ್ ಆಗುತ್ತೀಯ.

ಕಾಯಿದೆ ಪೂರಾ ಸತ್ತಿಲ್ಲ. 2019ರ ತಿದ್ದುಪಡಿ ಒಬ್ಬರಿಗೆ ಮೂರು ಬಂದೂಕು ಇದ್ದುದನ್ನು ಎರಡಕ್ಕೆ ಇಳಿಸಿತು. ಮದುವೆ ಮೆರವಣಿಗೆಯಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಅಥವಾ ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಕಾಯಿದೆಯನ್ನು ಜಾರಿ ಮಾಡಬೇಕಾದವರು ಯಾರ ಮನೆಯ ಗನ್‌ಮ್ಯಾನ್‌ಗೆ ನಮಸ್ಕಾರ ಹೊಡೆಯುತ್ತಾರೆಂದು ನಾವು ನೋಡುತ್ತಲೇ ಇದ್ದೇವೆ. ಖಾಸಗಿ ಗನ್‌ಮ್ಯಾನ್‌ಗಳನ್ನು ರಾಜಕೀಯ ಮೆರವಣಿಗೆಗಳಿಂದ ದೂರ ಇಡಬೇಕು. ಯಾರಿಗೆ, ಯಾವ ಕಾರಣಕ್ಕೆ ಪರವಾನಿಗೆ ಕೊಟ್ಟಿದ್ದೇವೆಂದು ಜಿಲ್ಲಾಡಳಿತ ಜನರಿಗೆ ತಿಳಿಸಬೇಕು. ಶಾಲೆಯ ಅಂಗಳದಲ್ಲಿ ಯಾವ ಬಣ್ಣದ ಬಾವುಟದವರಿಗೂ ಆಯುಧ ಹಿಡಿಸಲು ಜಾಗ ಕೊಡಬಾರದು. ಆಯುಧಪೂಜೆಗೆ ನಮ್ಮ ಮಕ್ಕಳು ಪುಸ್ತಕಕ್ಕೆ, ಪೆನ್ನಿಗೆ, ಅಪ್ಪನ ಕುಡುಗೋಲಿಗೆ ಕುಂಕುಮ ಹಚ್ಚುತ್ತಾರೆ, ಅಷ್ಟು ಸಾಕು.

ಇನ್ನು ನಮ್ಮ ಕೈಯಲ್ಲಿರುವ ಕೆಲಸ. ಮುಂದಿನ ಚುನಾವಣೆಗೆ ಅಣ್ಣಂದಿರು ಕೈ ಮುಗಿದುಕೊಂಡು ನಮ್ಮ ಓಣಿಗೆ ಬರುತ್ತಾರೆ. ಹಿಂದೆ ಬಂದೂಕಿನವನು ಇದ್ದರೆ ಹೊಸ್ತಿಲ ಆಚೆಯೇ ನಿಲ್ಲಿಸಿ, "ಅವನನ್ನು ಕಳಿಸಿ ಬನ್ನಿರಿ ಅಣ್ಣಾ, ಆಮೇಲೆ ಕುಂಕುಮ ಹಚ್ಚತೀವಿ" ಎನ್ನಿ.