ಕಾರಿನ ಸಾಲವೂ ಜಾಮೀನಿನ ಸಹಿಯೂ

ಧರ್ಮಕೇಂದ್ರದ ಕಚೇರಿಗೆ ಜನರು ಬರುವುದು ಜ್ಞಾನಸ್ನಾನದ ಪ್ರಮಾಣಪತ್ರಕ್ಕಾಗಿ, ಮದುವೆಯ ಪ್ರಕಟಣೆಗಳನ್ನು ಬರೆಸುವುದಕ್ಕಾಗಿ, ಗತಿಸಿದವರ ಹೆಸರಿನಲ್ಲಿ ಪೂಜೆ ಇಡಿಸುವುದಕ್ಕಾಗಿ. ಈಚಿನ ವರ್ಷಗಳಲ್ಲಿ ಇವುಗಳ ಜತೆಗೆ ಮತ್ತೊಂದು ಬೇಡಿಕೆ ಸೇರಿಕೊಂಡಿದೆ. ಕಾರು ಕೊಳ್ಳಲು ಸಾಲ ಬೇಕು. ಬ್ಯಾಂಕು 'ಸಿಬಿಲ್ ಇಲ್ಲ' ಎಂದು ಅರ್ಜಿಯನ್ನು ಹಿಂದಿರುಗಿಸಿದೆ. ಗುರುಗಳು ಒಂದು ಪತ್ರ ಬರೆದುಕೊಡಬೇಕು, ಇಲ್ಲವಾದರೆ ಜಾಮೀನು ನಿಲ್ಲುವಂತೆ ಉಳ್ಳವರೊಬ್ಬರಿಗೆ ಒಂದು ಮಾತು ಹೇಳಬೇಕು. ಹೀಗೆ ಕೇಳುವವರು ಸೋಮಾರಿಗಳಲ್ಲ, ಮೋಸಗಾರರೂ ಅಲ್ಲ. ಹತ್ತಿಪ್ಪತ್ತು ವರ್ಷ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಊರಿಗೆ ಮರಳಿ ಟ್ಯಾಕ್ಸಿ ಓಡಿಸಬೇಕೆಂದಿರುವವರು, ಗಂಡನನ್ನು ಕಳೆದುಕೊಂಡು ಬೇಕರಿ ನಡೆಸುತ್ತಿರುವ ಹೆಂಗಸರು, ಕೆಲಸಕ್ಕೆ ಸೇರಿ ವರ್ಷ ತುಂಬದ ಹುಡುಗರು.

ನಮ್ಮ ಪತ್ರಕ್ಕೆ ಬ್ಯಾಂಕಿನ ಮೇಜಿನ ಮೇಲೆ ಬೆಲೆಯಿಲ್ಲವೆಂದು ಬಂದವರಿಗೆ ಮೊದಲೇ ತಿಳಿಸುತ್ತೇವೆ. ಇಂಥವರು ಇಂಥ ವಾಳೆಯಲ್ಲಿ ಇಷ್ಟು ವರ್ಷದಿಂದ ವಾಸವಾಗಿದ್ದಾರೆ, ಇವರ ನಡತೆ ಒಳ್ಳೆಯದು ಎಂದು ನಾವು ಬರೆಯಬಲ್ಲೆವು. ಬ್ಯಾಂಕು ಕೇಳುತ್ತಿರುವುದು ನಡತೆಯನ್ನಲ್ಲ. ಈ ಮೊದಲು ಸಾಲ ಮಾಡಿದ್ದುಂಟೋ, ಮಾಡಿದ್ದರೆ ಗೊತ್ತುಪಡಿಸಿದ ದಿನವೇ ಕಂತು ಕಟ್ಟಿದ್ದುಂಟೋ ಎಂಬ ಲೆಕ್ಕವನ್ನು. ಆ ಲೆಕ್ಕ ಇಡುವ ಸಂಸ್ಥೆಗಳು ದೇಶದಲ್ಲಿ ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. 2000ನೇ ಇಸವಿಯಲ್ಲಿ ಸ್ಥಾಪನೆಯಾದ ಸಿಬಿಲ್ ಇವುಗಳಲ್ಲಿ ಮೊದಲನೆಯದಾದ್ದರಿಂದ ಅದರ ಹೆಸರೇ ಜನರ ಬಾಯಲ್ಲಿ ಎಲ್ಲಕ್ಕೂ ನಿಂತಿದೆ. ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ತಮ್ಮ ಸಾಲಗಾರರ ವಿವರವನ್ನು ಇವುಗಳಿಗೆ ಒಪ್ಪಿಸಬೇಕೆಂಬುದು 2005ರ ಕಾಯಿದೆಯ ನಿಯಮ. ಆ ವಿವರದಿಂದ 300ರಿಂದ 900ರವರೆಗಿನ ಒಂದು ಅಂಕ ಹುಟ್ಟುತ್ತದೆ. 750ರ ಮೇಲಿದ್ದರೆ ಸಾಮಾನ್ಯವಾಗಿ ಬಾಗಿಲು ಸುಲಭವಾಗಿ ತೆರೆಯುತ್ತದೆ.

ಸೆಮಿನರಿಯ ತತ್ತ್ವಶಾಸ್ತ್ರದ ಪಾಠದಲ್ಲಿ ಕಲಿಯುವ ಒಂದು ಭೇದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಲ್ಲಿಗೆ ದೃಷ್ಟಿಯಿಲ್ಲ, ಆದರೂ ಕಲ್ಲನ್ನು ಕುರುಡೆಂದು ಯಾರೂ ಕರೆಯುವುದಿಲ್ಲ. ಇರಬೇಕಾದಲ್ಲಿ ದೃಷ್ಟಿ ಇಲ್ಲದಿದ್ದರೆ ಮಾತ್ರ ಅದು ಕುರುಡು. ಬರಿಯ ಇಲ್ಲದಿರುವಿಕೆ ಬೇರೆ, ಇರಬೇಕಾದದ್ದರ ಲೋಪ ಬೇರೆ ಎಂದು ಅರಿಸ್ಟಾಟಲನೂ ಅವನ ಹಾದಿಯಲ್ಲಿ ಸಂತ ತೋಮಸ್ ಅಕ್ವಿನಾಸರೂ ಬಿಡಿಸಿ ಹೇಳಿದ್ದಾರೆ. ಸಾಲದ ಚರಿತ್ರೆಯೇ ಇಲ್ಲದವನೂ ಆ ಚರಿತ್ರೆ ಕೆಟ್ಟವನೂ ಇಂದು ಶೋರೂಮಿನಲ್ಲಿ 'ಸಿಬಿಲ್ ಸರಿಯಿಲ್ಲ' ಎಂಬ ಒಂದೇ ಉತ್ತರ ಪಡೆದು ಹೊರಬರುತ್ತಾರೆ. ದಾಖಲೆಯಲ್ಲಿ ಮಾತ್ರ ಈ ಗೊಂದಲವಿಲ್ಲ. ಎಂದೂ ಸಾಲ ಮಾಡದವನಿಗೆ ಅಲ್ಲಿ ಕಡಿಮೆ ಅಂಕ ಇರುವುದಿಲ್ಲ, ಅಂಕವೇ ಇರುವುದಿಲ್ಲ; ಅದರ ಸ್ಥಾನದಲ್ಲಿ ಮೈನಸ್ ಒಂದು ಅಥವಾ 'ಚರಿತ್ರೆ ಇಲ್ಲ' ಎಂಬ ಗುರುತು ಇರುತ್ತದೆ. ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ತಿರಸ್ಕರಿಸಬಾರದೆಂದು 2025ರ ಜನವರಿ 6ರ ನಿರ್ದೇಶನದಲ್ಲಿ ರಿಸರ್ವ್ ಬ್ಯಾಂಕು ಸಲಹೆ ಮಾಡಿದೆ. ಹಣಕಾಸು ಖಾತೆಯ ರಾಜ್ಯ ಸಚಿವರು ಅದೇ ವರ್ಷ ಲೋಕಸಭೆಯಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಸಾಲ ಕೊಡಲೇಬೇಕೆಂದು ಇದರ ಅರ್ಥವಲ್ಲ. ಆದಾಯ, ಉದ್ಯೋಗ, ಹೊಣೆಗಳನ್ನು ಬ್ಯಾಂಕು ಪರಿಶೀಲಿಸಬಹುದು, ಪರಿಶೀಲಿಸಲೇಬೇಕು. ಆದರೆ ಶಾಖೆಯ ವ್ಯವಸ್ಥಾಪಕರ ಎದುರು ಕುಳಿತು ಈ ಮಾತನ್ನು ವಿನಯದಿಂದ ಎತ್ತುವ ಹಕ್ಕು ಅರ್ಜಿದಾರರಿಗಿದೆ. ನಮ್ಮವರು ಒಂದು ಸಲ 'ಇಲ್ಲ' ಎಂದರೆ ತಲೆ ತಗ್ಗಿಸಿ ಎದ್ದು ಬರುತ್ತಾರೆ.

ಚರಿತ್ರೆ ಇಲ್ಲದವರು ನಮ್ಮ ಮನೆಗಳಲ್ಲೇ ಎಷ್ಟು ಮಂದಿ! ದುಬೈಯಲ್ಲಿ ಹತ್ತಾರು ವರ್ಷ ಕ್ರೆಡಿಟ್ ಕಾರ್ಡಿನ ಹಣವನ್ನು ಒಂದು ದಿನವೂ ತಪ್ಪದೆ ಕಟ್ಟಿದವರ ಲೆಕ್ಕ ಅಲ್ಲಿಯ ಅಲ್ ಎತಿಹಾದ್ ಕ್ರೆಡಿಟ್ ಬ್ಯೂರೋದಲ್ಲಿದೆ. ನಮ್ಮ ಊರಿನ ಶಾಖೆಯ ಕಂಪ್ಯೂಟರಿಗೆ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಮನೆ ಕಟ್ಟಿದ ಸಾಲ ಗಂಡನ ಹೆಸರಿನಲ್ಲಿತ್ತು, ಕಂತು ಕಟ್ಟಲು ತಿಂಗಳು ತಿಂಗಳು ಬ್ಯಾಂಕಿಗೆ ನಡೆದವಳು ಹೆಂಡತಿ. ದಾಖಲೆಯಲ್ಲಿ ಅವಳ ಹೆಸರಿಲ್ಲ. ಚೀಟಿ ಹಣವನ್ನು ತಪ್ಪದೆ ಕಟ್ಟಿದ್ದು, ಬಾಡಿಗೆ ಕೊಟ್ಟದ್ದು, ಅಂಗಡಿಯ ಉದ್ದರಿ ತೀರಿಸಿದ್ದು, ಇವು ಯಾವುವೂ ಅಲ್ಲಿಗೆ ಸೇರುವುದಿಲ್ಲ. ಪತ್ತಿನ ಸಹಕಾರಿ ಸಂಘಗಳೆಲ್ಲವೂ ಈ ಸಂಸ್ಥೆಗಳಿಗೆ ವರದಿ ಕಳುಹಿಸುತ್ತವೆ ಎಂದೂ ಹೇಳುವಂತಿಲ್ಲ. ಸಾಲ ಮಾಡಬಾರದು ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತ ಬೆಳೆಸಿದ ತಂದೆತಾಯಿಯರ ಮಕ್ಕಳೇ ಇಂದು ದಾಖಲೆಯಿಲ್ಲದವರಾಗಿ ನಿಂತಿರುವುದು ಈ ಕಾಲದ ಒಂದು ವಿಚಿತ್ರ.

ಇದಕ್ಕೆ ಹಿರಿಯರು ಹಳೆಯ ಕಾಲವನ್ನು ನೆನೆಯುತ್ತಾರೆ. ಕರಾವಳಿ ಬ್ಯಾಂಕುಗಳ ತವರು. 1906ರಲ್ಲಿ ಕೆನರಾ ಬ್ಯಾಂಕು ಮಂಗಳೂರಿನಲ್ಲೂ ಕಾರ್ಪೊರೇಶನ್ ಬ್ಯಾಂಕು ಉಡುಪಿಯಲ್ಲೂ ಹುಟ್ಟಿದವು. 1912ರಲ್ಲಿ ಕಥೋಲಿಕರೇ ಮಂಗಳೂರಿನಲ್ಲಿ ತಮ್ಮ ಸಹಕಾರಿ ಬ್ಯಾಂಕನ್ನು ಕಟ್ಟಿದರು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಸಂಗ್ರಾಹಕರು ಮನೆಬಾಗಿಲಿಗೆ ಬಂದು ಚಿಲ್ಲರೆ ಕಾಸನ್ನು ಲೆಕ್ಕಕ್ಕೆ ಹಿಡಿಯತೊಡಗಿದರು. ಆ ಕಾಲದ ವ್ಯವಸ್ಥಾಪಕರು ಸಾಲ ಕೇಳಿದವನ ಅಜ್ಜನನ್ನೂ ಬಲ್ಲವರಾಗಿದ್ದರು ಎಂಬುದು ಸತ್ಯ. ಅಜ್ಜನಿಗೆ ಪರಿಚಯವಿಲ್ಲದಿದ್ದವನ ಗತಿಯೇನಾಗಿತ್ತು ಎಂಬುದನ್ನು ಮಾತ್ರ ಹಿರಿಯರು ಹೇಳುವುದಿಲ್ಲ. ಗೇಣಿಯವನ ಮಗನೂ ಧಣಿಯ ಮಗನೂ ಇಂದು ಒಂದೇ ಮೂರಂಕಿಯ ಮಾನದಲ್ಲಿ ಅಳೆಯಲ್ಪಡುವುದನ್ನು ನಾವು ಹೀನಾಯವೆಂದು ಎಣಿಸುವುದಿಲ್ಲ. ಪಿಗ್ಮಿ ಠೇವಣಿಯೂ ಒಂದು ಅರ್ಥದಲ್ಲಿ ದಾಖಲೆ ಕಟ್ಟುವ ಉಪಾಯವೇ ಆಗಿತ್ತು.

ದಾಖಲೆಯಿಲ್ಲದವನ ಅವಸರ ಮಾರುವವನಿಗೆ ಲಾಭ. ಬ್ಯಾಂಕು ಬೇಡವೆಂದ ದಿನವೇ ಶೋರೂಮಿನವರು 'ನಾವು ಮಾಡಿಸಿಕೊಡುತ್ತೇವೆ' ಎನ್ನುತ್ತಾರೆ. ಮಾಡಿಸಿಕೊಡುವುದೂ ಉಂಟು, ಆದರೆ ಯಾವ ಬೆಲೆಗೆ? ಒಂದು ಲೆಕ್ಕವನ್ನು ಓದುಗರು ಮನೆಯಲ್ಲಿ ಕಾಗದದ ಮೇಲೆ ಮಾಡಿ ನೋಡಲಿ. ಐದು ಲಕ್ಷ ರೂಪಾಯಿ ಸಾಲ, ಐದು ವರ್ಷದ ಅವಧಿ. ಒಬ್ಬರು ಶೇ. 8ರ ಫ್ಲಾಟ್ ಬಡ್ಡಿ ಎನ್ನುತ್ತಾರೆ, ಇನ್ನೊಬ್ಬರು ಇಳಿಯುವ ಬಾಕಿಯ ಮೇಲೆ ಶೇ. 10 ಎನ್ನುತ್ತಾರೆ. ಎಂಟು ಹತ್ತಕ್ಕಿಂತ ಕಡಿಮೆಯೆಂದು ಶಾಲೆಯ ಹುಡುಗನೂ ಬಲ್ಲ. ಆದರೆ ಫ್ಲಾಟ್ ಎಂದರೆ ತೀರಿಸಿದ ಅಸಲಿಗೂ ಕೊನೆಯ ತಿಂಗಳವರೆಗೆ ಬಡ್ಡಿ ತೆರುವುದು. ಮೊದಲನೆಯದರಲ್ಲಿ ಒಟ್ಟು ಬಡ್ಡಿ 2,00,000 ರೂಪಾಯಿ; ಎರಡನೆಯದರಲ್ಲಿ ಸುಮಾರು 1,37,400. ಆ ಎಂಟು ನಿಜದಲ್ಲಿ ಹದಿನಾಲ್ಕಕ್ಕೂ ಮೇಲಿನದು. 2024ರ ಅಕ್ಟೋಬರ್ 1ರಿಂದ ಸಾಲ ಕೊಡುವವರು ಸಹಿಗೆ ಮೊದಲು ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕೆಂದೂ ಅದರಲ್ಲಿ ಎಲ್ಲ ಶುಲ್ಕಗಳೂ ಸೇರಿದ ವಾರ್ಷಿಕ ದರವನ್ನು ನಮೂದಿಸಬೇಕೆಂದೂ ರಿಸರ್ವ್ ಬ್ಯಾಂಕು ವಿಧಿಸಿದೆ. ಆ ಪತ್ರವನ್ನು ಕೇಳಿ ಪಡೆಯಬೇಕು, ಮನೆಗೆ ತಂದು ಓದಬೇಕು. ಒಂದೇ ಅರ್ಜಿಯನ್ನು ಐದಾರು ಕಂಪನಿಗಳಿಗೆ ಒಮ್ಮೆಲೇ ಕಳುಹಿಸಲು ಬಿಡಲೂ ಬಾರದು. ಪ್ರತಿಯೊಂದು ವಿಚಾರಣೆಯೂ ದಾಖಲೆಯಲ್ಲಿ ಬೀಳುತ್ತದೆ, ಹಲವು ಒಟ್ಟಿಗೆ ಬಿದ್ದರೆ ಅಂಕ ಇಳಿಯುತ್ತದೆ. ರೋಸಿನ ದಿನ ಅಂಗಳದಲ್ಲಿ ಹೊಸ ಕಾರು ನಿಂತಿರಬೇಕೆಂಬ ಅವಸರಕ್ಕೆ ಐದು ವರ್ಷದ ಬಡ್ಡಿ ತೆರುವವರ ಬಗ್ಗೆ ನಾವು ಹೆಚ್ಚು ಹೇಳುವುದಿಲ್ಲ. ಮಂಗಳೂರು-ಉಡುಪಿ ಬಸ್ಸಿನಲ್ಲಿ ಇನ್ನೂ ಸೀಟು ಸಿಗುತ್ತದೆ.

ನಮ್ಮ ನಿಜವಾದ ಆತಂಕವಿರುವುದು ಜಾಮೀನಿನ ವಿಷಯದಲ್ಲಿ. ಕ್ರೈಸ್ತನಾದವನು ಕಷ್ಟದಲ್ಲಿರುವ ಬಂಧುವಿಗೆ ಇಲ್ಲವೆನ್ನಬಾರದು, ಒಂದು ಸಹಿ ತಾನೇ ಎಂದು ಕೇಳುವವರು ಕೇಳುತ್ತಾರೆ. ಕೇಳಿಸಿಕೊಂಡವರು ಪೂಜೆ ಮುಗಿದು ಹೊರಬರುವಾಗ ಎದುರು ಸಿಗುವ ಮುಖಕ್ಕೆ ನಾಚಿ ಸಹಿ ಹಾಕುತ್ತಾರೆ. ಆ ಸಹಿ ಏನೆಂಬುದನ್ನು 1872ರ ಕರಾರು ಕಾಯಿದೆಯ 128ನೇ ಪ್ರಕರಣ ಸಂಕೋಚವಿಲ್ಲದೆ ಹೇಳುತ್ತದೆ: ಕರಾರಿನಲ್ಲಿ ಬೇರೆ ರೀತಿ ಬರೆಯದ ಹೊರತು ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಸಾಲಗಾರನನ್ನು ಹಿಡಿಯಿರಿ, ಅವನಿಂದ ಆಗದಿದ್ದರೆ ನನ್ನಲ್ಲಿಗೆ ಬನ್ನಿ ಎಂದು ಜಾಮೀನುದಾರ ಹೇಳುವಂತಿಲ್ಲ. ಇದಕ್ಕಿಂತ ಮೌನವಾಗಿ ಕಡಿಯುವುದು ಮತ್ತೊಂದಿದೆ. ಜಾಮೀನು ನಿಂತ ಸಾಲ ಜಾಮೀನುದಾರನ ದಾಖಲೆಯಲ್ಲೂ ಕಾಣಿಸಿಕೊಳ್ಳುತ್ತದೆ. ಅಣ್ಣನ ಮಗನ ಕಾರಿಗೆ ಸಹಿ ಹಾಕಿದ ವಿಧವೆಯೊಬ್ಬರು ಎರಡು ವರ್ಷದ ಬಳಿಕ ಮಗಳ ನರ್ಸಿಂಗ್ ಶಿಕ್ಷಣಕ್ಕೆ ಸಾಲ ಕೇಳಹೋದಾಗ, ಹುಡುಗ ಕಂತು ತಪ್ಪಿಸಿದ್ದು ಅವರಿಗೆ ಮೊದಲ ಬಾರಿಗೆ ತಿಳಿಯಿತು. ಕಾರು ಅಷ್ಟರಲ್ಲಿ ಮಾರಿಹೋಗಿತ್ತು. ಅಣ್ಣ-ತಂಗಿಯ ಕುಟುಂಬಗಳು ಇಂದು ಬೇರೆ ಬೇರೆ ಪೂಜೆಗೆ ಬರುತ್ತವೆ.

ಜಾಮೀನು ನಿಲ್ಲುವುದರ ವಿರುದ್ಧ ಜ್ಞಾನೋಕ್ತಿಗಳ ಗ್ರಂಥ ಒಮ್ಮೆಯಲ್ಲ, ಹಲವು ಬಾರಿ ಎಚ್ಚರಿಸುತ್ತದೆ. ಆದ್ದರಿಂದ ಸಹಿ ನಿರಾಕರಿಸಿದವರನ್ನು ಕಲ್ಲುಹೃದಯದವರೆಂದು ಆಡಿಕೊಳ್ಳುವುದು ನಿಲ್ಲಬೇಕು. ಸಹಾಯ ಮಾಡುವ ಮನಸ್ಸಿದ್ದವರಿಗೆ ಬೇರೊಂದು ದಾರಿಯಿದೆ. ಐದು ಲಕ್ಷದ ಸಾಲಕ್ಕೆ ಸಹಿ ಹಾಕುವ ಬದಲು ಮುಂಗಡ ಹಣಕ್ಕೆ ಕೈಯಿಂದ ಐವತ್ತು ಸಾವಿರ ಕೊಡಲಿ, ಸಾಲವಾಗಿಯೋ ಉಡುಗೊರೆಯಾಗಿಯೋ ಎಂಬುದನ್ನು ಅಂದೇ ಬಾಯಿಬಿಟ್ಟು ಹೇಳಲಿ. ಮುಂಗಡ ಹೆಚ್ಚಿದಷ್ಟೂ ಸಾಲ ಕಿರಿದಾಗುತ್ತದೆ, ಬ್ಯಾಂಕಿನ ಅಳುಕೂ ಕಿರಿದಾಗುತ್ತದೆ. ಆ ಹಣ ಬಾರದೆ ಹೋದರೆ ಕೊಟ್ಟವನಿಗೆ ನಷ್ಟ ಐವತ್ತು ಸಾವಿರ, ಅದಕ್ಕಿಂತ ಒಂದು ಕಾಸು ಹೆಚ್ಚಲ್ಲ. ಸಹಿಗೆ ಅಂಥ ಮಿತಿಯಿಲ್ಲ. ಗಂಡ-ಹೆಂಡತಿ ಅಥವಾ ತಾಯಿ-ಮಗ ಕೂಡಿ ಸಹ ಅರ್ಜಿದಾರರಾಗುವುದು ಬೇರೆ ಮಾತು. ಅಲ್ಲಿ ಕಾರೂ ಒಂದೇ ಮನೆಯದು, ಕಂತೂ ಒಂದೇ ಮನೆಯದು.

ಇನ್ನು ಚರಿತ್ರೆ ಕೆಟ್ಟವರ ಮಾತು. ಇವರ ಮೇಲೆ ನಮಗೆ ಕನಿಕರವಿದೆ, ಆದರೆ ಇವರು ಚರಿತ್ರೆಯಿಲ್ಲದವರ ನಡುವೆ ಅಡಗಿಕೊಳ್ಳಬಾರದು. ಜಾಮೀನು ಕೇಳುವಾಗ ಹಿಂದಿನ ತಪ್ಪಿದ ಕಂತುಗಳನ್ನು ಮರೆಮಾಚುವುದು ಸುಳ್ಳೇ ಹೌದು. ರೋಗದಿಂದಲೋ ಕೆಲಸ ಹೋದದ್ದರಿಂದಲೋ ಕಂತು ತಪ್ಪಿದವರು ಮೊದಲು ಬಾಕಿಯನ್ನು ಪೂರ್ತಿ ತೀರಿಸಲಿ. ಕ್ರೆಡಿಟ್ ಕಾರ್ಡಿನ ಬಾಕಿಯಲ್ಲಿ ಇಷ್ಟು ಕೊಟ್ಟರೆ ಸಾಕು, ಉಳಿದದ್ದು ಮನ್ನಾ ಎಂಬ ಫೋನು ಬಂದಾಗ ಸಂತೋಷದಿಂದ ಒಪ್ಪುವವರಿದ್ದಾರೆ. ಅಂಥ ಖಾತೆಯ ಮುಂದೆ 'ಸೆಟಲ್ಡ್' ಎಂದು ದಾಖಲಾಗುತ್ತದೆ. ಪೂರ್ತಿ ತೀರಿಸಿದವನ ಖಾತೆಗೆ ಸಿಗುವ 'ಕ್ಲೋಸ್ಡ್' ಅಲ್ಲ. ಮುಂದಿನ ಸಾಲದ ಅಧಿಕಾರಿ ಈ ಎರಡು ಪದಗಳ ಅಂತರವನ್ನು ಬಲ್ಲವನು. ಕಂತು ತಪ್ಪಿದವನಿಗೂ ಮರ್ಯಾದೆಯುಂಟು ಎಂಬುದನ್ನೂ ಹೇಳಬೇಕು. ತೋಳ್ಬಲದವರನ್ನು ಕಳುಹಿಸಿ ವಾಹನ ಎಳೆದೊಯ್ಯುವುದನ್ನು ಸುಪ್ರೀಂ ಕೋರ್ಟು 2007ರಲ್ಲಿ ಖಂಡಿಸಿದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂದು 2022ರಲ್ಲಿ ರಿಸರ್ವ್ ಬ್ಯಾಂಕು ತಿಳಿಸಿದೆ.

ಕಾಯಲು ಸಿದ್ಧರಿರುವವರಿಗೆ ದಾರಿ ದೂರವಿಲ್ಲ. ಉಳಿತಾಯ ಖಾತೆಯಿರುವ ಬ್ಯಾಂಕಿನಲ್ಲೇ ಇಪ್ಪತ್ತೋ ಮೂವತ್ತೋ ಸಾವಿರದ ನಿಶ್ಚಿತ ಠೇವಣಿ ಇಟ್ಟು, ಅದರ ಆಧಾರದ ಮೇಲೆ ಕ್ರೆಡಿಟ್ ಕಾರ್ಡು ಕೊಡುತ್ತಾರೆಯೇ ಎಂದು ವಿಚಾರಿಸಬಹುದು. ಹಲವು ಬ್ಯಾಂಕುಗಳು ಕೊಡುತ್ತವೆ. ಅದರಲ್ಲಿ ತಿಂಗಳ ದಿನಸಿಯನ್ನಷ್ಟೇ ಕೊಂಡು, ಬಿಲ್ಲಿನ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟಬೇಕು. 'ಕನಿಷ್ಠ ಮೊತ್ತ' ಎಂಬ ಸಾಲಿನತ್ತ ಕಣ್ಣೂ ಹಾಯಿಸಬಾರದು. ಸಾಮಾನ್ಯವಾಗಿ ಆರು ತಿಂಗಳಾಗುವಷ್ಟರಲ್ಲಿ ಅಂಕವೊಂದು ಮೂಡುತ್ತದೆ. ವರ್ಷ ಕಾದರೆ ಅದಕ್ಕೆ ತೂಕ ಬರುತ್ತದೆ. ಆ ವರ್ಷದಲ್ಲಿ, ಮುಂದೆ ಕಟ್ಟಬೇಕಾದ ಕಂತಿನಷ್ಟೇ ಹಣವನ್ನು ತಿಂಗಳು ತಿಂಗಳು ಆವರ್ತ ಠೇವಣಿಗೆ ಹಾಕುತ್ತ ಬಂದರೆ ಮುಂಗಡವೂ ಕೂಡುತ್ತದೆ, ಆ ಕಂತು ಮನೆಯ ಖರ್ಚಿಗೆ ತಾಳುತ್ತದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ.

ನಾಲ್ಕೂ ಸಂಸ್ಥೆಗಳು ವರ್ಷಕ್ಕೆ ಒಂದೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಅದರಲ್ಲಿ ತಪ್ಪಿದ್ದರೆ ದೂರು ಕೊಡಬಹುದು. 30 ದಿನಗಳಲ್ಲಿ ಪರಿಹಾರವಾಗದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರಧನವೂ ಉಂಟು. ಅಣ್ಣನ ಮಗನಿಗೆ ಜಾಮೀನು ನಿಂತವರು, ನಿಂತದ್ದನ್ನು ಮರೆತವರು ಇದನ್ನು ಮೊದಲು ತರಿಸಿ ನೋಡಲಿ. ಜಾಲತಾಣದ ಕೆಲಸ ತಿಳಿಯದ ಹಿರಿಯರಿಗೆ ನೆರವು ಬೇಕಾದೀತು. ಕರಾವಳಿಯ ಯಾವ ಧರ್ಮಕೇಂದ್ರದಲ್ಲಾದರೂ ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೆ ಬರವಿಲ್ಲ. ತಿಂಗಳಿಗೊಂದು ಭಾನುವಾರ ಎರಡನೆಯ ಪೂಜೆಯ ಬಳಿಕ ಅವರಲ್ಲಿ ಇಬ್ಬರು ಸಭಾಭವನದಲ್ಲಿ ಒಂದು ಗಂಟೆ ಕುಳಿತರೆ ನಮ್ಮ ಯಾವ ಶಿಫಾರಸು ಪತ್ರಕ್ಕಿಂತಲೂ ಹೆಚ್ಚಿನ ಉಪಕಾರವಾದೀತು. ಬರುವವರು ಪ್ಯಾನ್ ಕಾರ್ಡನ್ನೂ ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಫೋನನ್ನೂ ತರಬೇಕು. ಒಟಿಪಿಯನ್ನು ಮಾತ್ರ ತಾವೇ ಒತ್ತಬೇಕು. ಎದುರು ಕುಳಿತವರು ಎಷ್ಟೇ ಪರಿಚಿತರಾದರೂ ಅವರಿಗೆ ಓದಿ ಹೇಳಬಾರದು.