ಅಗಳಿ ತೆಗೆಯದ ರಾತ್ರಿ

ಬೆಳಗ್ಗೆ ಹಾಲು ಹಿಂಡುವ ಮೊದಲು ಎಮ್ಮೆಯ ಮುಂದೆ ಹಿಂಡಿಯ ಬಕೆಟ್ ಇಡಬೇಕು. ರಾತ್ರಿ ನೆನೆಹಾಕಿದ ಶೇಂಗಾ ಹಿಂಡಿ ಅಷ್ಟೊತ್ತಿಗೆ ಉಬ್ಬಿ ಮೆತ್ತಗಾಗಿರುತ್ತದೆ. ಕಲಸಿದರೆ ಅದರ ಜಿಡ್ಡು ಮುಂಗೈಗೆಲ್ಲ ಹತ್ತುತ್ತದೆ. ಮಹಾರಾಷ್ಟ್ರ-ಕರ್ನಾಟಕ ಗಡಿಯ ಉಮರ್ಗಾದ ನಮ್ಮ ಓಣಿಯಲ್ಲಿ ಅರ್ಧ ಜನ ಇದನ್ನು ಹಿಂಡಿ ಅನ್ನುತ್ತಾರೆ, ಇನ್ನರ್ಧ ಜನ ಪೇಂಡ್ ಅನ್ನುತ್ತಾರೆ. ಸುಡಾನಿನ ಎಲ್ ಫಾಶೆರ್ ಪಟ್ಟಣದಲ್ಲಿ ಇದರ ಹೆಸರು ಅಂಬಾಜ್. 2024ರ ಮೇ ತಿಂಗಳಿನಿಂದ 2025ರ ಅಕ್ಟೋಬರ್‌ವರೆಗೆ ಬಂಡುಕೋರ ಪಡೆ ಆ ಊರನ್ನು ಸುತ್ತುವರಿದಿತ್ತು. ಅಲ್ಲಿಯವರೂ ನಮ್ಮ ಹಾಗೆ ಜೋಳ, ಸಜ್ಜೆ ಉಣ್ಣುವ ಜನ. ಕಾಳು ತೀರಿದ ಮೇಲೆ ತಾಯಂದಿರು ದನದ ಹಿಂಡಿಯನ್ನೇ ಬೇಯಿಸಿ ಮಕ್ಕಳಿಗೆ ಉಣಿಸಿದರು. ಬರಬರುತ್ತ ಅದೂ ಸಿಗದಾಯಿತು. ಆ ಸುದ್ದಿ ಓದಿದ ದಿನದಿಂದ ಬಕೆಟ್ಟಿಗೆ ಕೈಹಾಕಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ದೂರದ ಯುದ್ಧ ನಮ್ಮ ಸೀಮೆಗೆ ಬರುವುದು ಹೆಚ್ಚಾಗಿ ದರದ ರೂಪದಲ್ಲಿ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ನಾವು ಹೊರಗಿನಿಂದ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆಗ ಉಕ್ರೇನಿನದಾಗಿತ್ತು. ಹಡಗುಗಳು ನಿಂತವು, ಅಡುಗೆ ಎಣ್ಣೆ ಏರಿತು, ಎಣ್ಣೆಯ ಬೆನ್ನಿಗೆ ಸೋಯಾಬೀನ್ ಏರಿತು. ಬೆಂಬಲ ಬೆಲೆ 3,950 ಇದ್ದ ಸೋಯಾ ಲಾತೂರಿನ ಮಾರುಕಟ್ಟೆಯಲ್ಲಿ ಮಾರ್ಚ್‌ನಲ್ಲಿ ಕ್ವಿಂಟಾಲಿಗೆ 7,000 ದಾಟಿತು. ಉದಗೀರದ ಮೊಂಢಾದಲ್ಲಿ ಅಡತಿ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ‘ಇನ್ನೊಂದ್ ತಿಂಗ್ಳು ಹಿಂಗೇ ನಡೀಲಿ’ ಅಂದ ರೈತನೊಬ್ಬನ ಮಾತು ಇನ್ನೂ ಕಿವಿಯಲ್ಲಿದೆ. ಅವನನ್ನು ಬೈಯುವ ಮನಸ್ಸು ನನಗಿಲ್ಲ. ಸಾಲ ಅವನಿಗೂ ಇತ್ತು, ನನಗೂ ಇತ್ತು. ನಮ್ಮ ಮನೆಯ ಚೀಲಗಳೂ ಅದೇ ವಾರ ತೂಕಕ್ಕೆ ಹೋದವು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಹಾರ್ಕಿವ್‌ನಲ್ಲಿ ದಿನಸಿ ತರಲು ಹೊರಬಿದ್ದು ದಾಳಿಗೆ ಸಿಕ್ಕು ಸತ್ತ. ಆ ಸುದ್ದಿಯೂ ಸೋಯಾ ಮಾರಿದ ಲೆಕ್ಕವೂ ನನ್ನ ಡೈರಿಯ ಅಕ್ಕಪಕ್ಕದ ಪುಟಗಳಲ್ಲಿವೆ.

ಯುದ್ಧವೆಂದರೆ ಪರದೇಶದ್ದು ಎಂದುಕೊಂಡು ಬೆಳೆದದ್ದು ನಮ್ಮ ತಲೆಮಾರು. ನಮ್ಮ ಮನೆಯ ಹಿರಿಯ ಜೀವ ಆಯಿಗೆ ಹಾಗಿರಲಿಲ್ಲ. ಆಕೆಯ ಗಂಡನ ಮನೆ ನಿಲಂಗಾ ಸೀಮೆಯ ಹಳ್ಳಿಯಲ್ಲಿತ್ತು. ನಿಲಂಗಾ, ಉದಗೀರ ಆಗ ಹೈದರಾಬಾದ್ ನಿಜಾಮರ ಬೀದರ ಜಿಲ್ಲೆಗೆ ಸೇರಿದ್ದವು, ಉಮರ್ಗಾ ಉಸ್ಮಾನಾಬಾದಿಗೆ. 1948ರ ಮಳೆಗಾಲದಲ್ಲಿ ನಿಜಾಮರ ಪರ ನಿಂತ ರಜಾಕಾರರ ದಂಡಿನ ಹಾವಳಿಗೆ ಹೆದರಿ, ಅನುಕೂಲ ಇದ್ದವರು ಸಂಸ್ಥಾನದ ಗಡಿ ದಾಟಿ ಸೊಲ್ಲಾಪುರ, ಬಾರ್ಶಿ ಕಡೆ ಹೋದರು. ಇಲ್ಲದವರು ಕತ್ತಲಾದರೆ ಹೊಲ ಸೇರುತ್ತಿದ್ದರು. ‘ಮುಂಗಾರಿ ಜ್ವಾಳ ಆಳೆತ್ತರ ಬೆಳದಿತ್ತು. ಕೂಸು ಅತ್ತರ ಬಾಯಾಗ ಸೆರಗು ಇಡ್ತಿದ್ವಿ’ ಎನ್ನುತ್ತಿದ್ದಳು ಆಯಿ. ರಜಾಕಾರರು ಬರುವ ಸುಳಿವು ಕೊಟ್ಟು ಇವರನ್ನು ಹೊಲಕ್ಕೆ ಕಳಿಸುತ್ತಿದ್ದವಳು ಪಕ್ಕದ ಮುಸ್ಲಿಂ ಮನೆಯ ಖಾಲಾ.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಸೊಲ್ಲಾಪುರದಿಂದ ನಳದುರ್ಗ, ಉಮರ್ಗಾ ದಾರಿಯಲ್ಲಿ ಒಳಬಂತು. 17ಕ್ಕೆ ನಿಜಾಮರು ಸೋಲೊಪ್ಪಿದರು. ಆ ದಿನ ಇವತ್ತಿಗೂ ಈಗಿನ ರಾಜ್ಯ ಗಡಿಯ ಎರಡೂ ಬದಿಯಲ್ಲಿ ಧ್ವಜ ಏರಿಸುತ್ತೇವೆ; ಏರಿಸಲೇಬೇಕಾದ ದಿನ ಅದು. ಆದರೆ ಮರುದಿನದಿಂದ ಏನಾಯಿತೆಂಬುದು ನಮ್ಮ ಭಾಷಣಗಳಲ್ಲಿ ಬರುವುದಿಲ್ಲ. ನೆಹರು ಕಳಿಸಿದ ಪಂಡಿತ್ ಸುಂದರಲಾಲ್ ತಂಡ ಊರೂರು ತಿರುಗಿ, ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಅವರಲ್ಲಿ ಬಹುತೇಕರು ಮುಸ್ಲಿಮರು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ ಮತ್ತು ನಾಂದೇಡ. ಎಂದರೆ ನಿಲಂಗಾ, ಉದಗೀರ, ಉಮರ್ಗಾ, ನಮ್ಮ ಈ ಮೂರೂ ತಾಲ್ಲೂಕುಗಳು ಅದರೊಳಗೇ ಇದ್ದವು. ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ. ಜೀವದ ಹಂಗು ತೊರೆದು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳೂ ಇದ್ದರೆಂದು ಅದರಲ್ಲಿ ಬರೆದಿದೆ. ನಮ್ಮ ಮನೆ ಆ ಸಾಲಿಗೆ ಸೇರಿಲ್ಲ.

ಆಯಿ ಇದನ್ನು ಹೇಳಿದ್ದು ಒಂದೇ ಸಲ, ಒಲೆಯ ಮುಂದೆ ಕೂತು, ನನ್ನ ಕಡೆ ನೋಡದೆ. ‘ಖಾಲಾ ಕದಾ ಬಡೀತಿದ್ಲು. ನನ್ನ ಹೆಸರು ಹಿಡದೇ ಕರೀತಿದ್ಲು. ಮಾವನೋರು ಅಗಳಿ ತೆಗೀಬ್ಯಾಡ ಅಂದ್ರು. ಹಂಚಿನ ಮ್ಯಾಲೆ ರೊಟ್ಟಿ ಇತ್ತು. ಹೊತ್ತೀತಂತ ತಿರುವಿ ಹಾಕ್ದೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತ ಅದೇ ರೊಟ್ಟಿ ಉಂಡ್ವಿ’ ಅಂದಳು.

ಇವತ್ತು ಎಲ್ ಫಾಶೆರ್‌ನ, ಗಾಜಾದ ಮಕ್ಕಳ ಮುಖ ಮೊಬೈಲಿನಲ್ಲಿ ಬಂದಾಗ ಬೆರಳಿನಿಂದ ಮೇಲೆ ಸರಿಸಿ ಊಟಕ್ಕೆ ಕೂರುತ್ತೇನೆ. ಆಗೆಲ್ಲ ಆ ತಿರುವಿ ಹಾಕಿದ ರೊಟ್ಟಿ ಕಣ್ಣ ಮುಂದೆ ಬರುತ್ತದೆ. ಆಯಿಗೆ ಮಾವನ ಅಂಜಿಕೆ ಇತ್ತು, ಕದದಾಚೆ ಕತ್ತಿಗಳಿದ್ದವು. ನನಗೆ ಯಾರ ಅಂಜಿಕೆಯೂ ಇಲ್ಲ. ಅಷ್ಟು ದೂರದವರಿಗೆ ನಾವೇನು ಮಾಡಲಾದೀತು ಎಂದು ಗೆಳೆಯರು ಕೇಳುತ್ತಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪಕ್ಕೆ ನಮ್ಮ ಸೀಮೆಯ ಕಿಲ್ಲಾರಿ, ಸಾಸ್ತೂರು ನೆಲಸಮವಾದಾಗ ಈ ಊರುಗಳ ಹೆಸರನ್ನೇ ಕೇಳದ ದೇಶಗಳಿಂದ ನೆರವು ಬಂದಿತ್ತು. ಅಲ್ಲಿಯೂ ಯಾರೋ ಉಣ್ಣುತ್ತಿದ್ದವರು ಸುದ್ದಿ ನೋಡಿ ಎದ್ದಿರಬೇಕು.

ನಮ್ಮ ಪತ್ರಿಕೆಯ ಕೈಲಾಗುವುದು ಸಣ್ಣ ಕೆಲಸ. ಮುಂದಿನ ಸಂಚಿಕೆಯಿಂದ ಈ ಮೂರು ತಾಲ್ಲೂಕುಗಳ 1948ರ ನೆನಪುಗಳಿಗೆ ನಾಲ್ಕು ಪುಟ ಮೀಸಲಿಡುತ್ತೇವೆ. ಹೊಲದಲ್ಲಿ ಅಡಗಿದ್ದವರ ಕಥೆಗಳು ನಮ್ಮ ಬಳಿ ಹತ್ತಾರಿವೆ. ಕದದ ಹೊರಗೆ ನಿಂತವರದು ಒಂದೂ ಇಲ್ಲ. ಕನ್ನಡ, ಮರಾಠಿ, ದಖ್ಖನಿ ಯಾವ ಮಾತಿನಲ್ಲಾದರೂ ಬರೆದು ಕಳಿಸಿ. ಬರೆಯಲು ಬಾರದ ಹಿರಿಯರಿದ್ದರೆ ನಾವೇ ಬಂದು ಕೇಳಿ ಬರೆದುಕೊಳ್ಳುತ್ತೇವೆ. ಖಾಲಾಳ ಮನೆಯವರು ಉಳಿದಿದ್ದರೆ ಹೈದರಾಬಾದಿನಲ್ಲಿದ್ದಾರು ಎಂದು ಊರಲ್ಲಿ ಹೇಳುತ್ತಾರೆ. ಅವಳ ಮೊಮ್ಮಕ್ಕಳ ಕಿವಿಗೆ ಇದು ಬಿದ್ದರೆ, ಮೊದಲ ಪುಟ ಅವರದು.